ಅಡ್ಡ ಸರಿಯುವ ಗಾಲಿಯೂ ಮೂರು ಲಿಂಬೆಹಣ್ಣೂ

ಒಳ್ಳೆಯ ಕೆಲಸ ನಡೆಯುವ ಜಾಗದಲ್ಲಿ ಸುಮ್ಮನೆ ನಿಲ್ಲುವುದು ನನಗೆ ಬರುವುದಿಲ್ಲ. ಮದುವೆಮನೆಯೊಂದರಲ್ಲಿ ಅಡುಗೆಯವರ ಸೌಟು ಕಸಿದುಕೊಂಡು ಸಾರಿಗೆ ಎರಡನೆಯ ಸಲ ಉಪ್ಪು ಹಾಕಿದವನು ನಾನೇ. ಆ ಊಟ ಉಂಡವರು ನಮ್ಮೂರು ಐಗಳಿಯಲ್ಲಿ ಇನ್ನೂ ಇದ್ದಾರೆ; ನನ್ನನ್ನು ಕಂಡರೆ ನೀರು ಕೇಳುತ್ತಾರೆ. ಇಂಥವನನ್ನು ರಾಯಬಾಗದ ಕಡೆಯ ಹೈಸ್ಕೂಲೊಂದಕ್ಕೆ ವಿಜ್ಞಾನದ ಮಾಸ್ತರನನ್ನಾಗಿ ಮಾಡಿದ್ದಲ್ಲದೆ, ಮೇಲೆ ರೋಬೋಟ್ ಸ್ಪರ್ಧೆಯ ಉಸ್ತುವಾರಿಯನ್ನೂ ಕೊಟ್ಟರು.

ರೋಬೋಟು ಕಟ್ಟಿದವಳು ಹತ್ತನೆಯ ತರಗತಿಯ ಸನ್ಮತಿ, ದಿಗ್ಗೇವಾಡಿಯ ಕಬ್ಬಿನ ರೈತರ ಮಗಳು. ನಿಪ್ಪಾಣಿಯ ಸ್ಪರ್ಧೆಗೆ ಅವಳಿಗೆ ಇದೇ ಕಡೆಯ ಅವಕಾಶ. ಮುಂದಿನ ವರ್ಷ ಶಾಲೆ ಮುಗಿಸಿರುತ್ತಾಳೆ. ಟ್ರ್ಯಾಕ್ಟರಿಗಿದ್ದಂತೆ ನಾಲ್ಕು ದಪ್ಪ ಗಾಲಿ ಹಾಕೋಣ ಎಂದೆ. ಅವಳು ಆರಿಸಿದ್ದು ಮೂರೇ ಗಾಲಿ. ಒಂದೊಂದರ ಅಂಚಿನ ಸುತ್ತಲೂ ಸಣ್ಣ ಸಣ್ಣ ಉರುಳೆಗಳು, ಬೆರಳು ತಾಗಿದರೆ ತಿರುಗುವಂಥವು. “ಸರ, ಇದು ಮಾರಿ ತಿರಗಸಲಾರದ ಆಜೂಬಾಜೂ ಸರೀತೈತ್ರಿ,” ಎಂದಳು. ಮುಖ ತಿರುಗಿಸದೆಯೇ ಎಡಬಲಕ್ಕೆ ಸರಿಯುತ್ತದಂತೆ. ಮುಂದೆ ಹೋಗುವಾಗ ಎರಡು ಗಾಲಿ ದುಡಿಯುತ್ತವಂತೆ, ಹಿಂದಿನದು ಬರೀ ಜೊತೆಗೆ ಬರುತ್ತದಂತೆ. ಆ ಮೂರನೆಯ ಗಾಲಿಯ ಮೇಲೆ ನನಗೆ ತಕ್ಷಣ ಮಮತೆ ಹುಟ್ಟಿತು. ಆದರೆ ಅಡ್ಡ ಹೋಗಬೇಕಾದರೆ ಮೂರೂ ಮೋಟರಿಗೆ ಲೆಕ್ಕ ಹಾಕಿ ವೇಗ ಕೊಡಬೇಕು. ಮೊದಮೊದಲು ಎಡಕ್ಕೆ ಹೋಗೆಂದರೆ ನಿಂತಲ್ಲೇ ಗಿರಕಿ ಹೊಡೆಯುತ್ತಿತ್ತು. ಸನ್ಮತಿ ಅಂಕಿಗಳನ್ನು ತಿದ್ದುತ್ತಲೇ ಹೋದಳು; ಕಡೆಗೊಂದು ದಿನ ಅದು ಏಡಿಯ ಹಾಗೆ ಅಡ್ಡಡ್ಡ ಸರಿಯಿತು. ನನಗಾದ ಆನಂದ ಹೇಳತೀರದು.

ಆನಂದವಾದಾಗಲೇ ನನ್ನ ಕೈ ಸುಮ್ಮನಿರುವುದಿಲ್ಲ. ನಮ್ಮಲ್ಲಿ ಹೊಸ ಟ್ರ್ಯಾಕ್ಟರು ಗಾಲಿಯ ಕೆಳಗೆ ಲಿಂಬೆಹಣ್ಣು ಒಡೆಯದೆ ಅಂಗಳ ದಾಟುವುದಿಲ್ಲ. ಸ್ಪರ್ಧೆಗೆ ಹೊರಡುವ ಬೆಳಿಗ್ಗೆ ಮೂರು ಹಣ್ಣು ತಂದೆ.

“ಬ್ಯಾಡ್ರಿ ಸರ, ಉರುಳಿಯೊಳಗ ಹೋಗಿ ಸಿಗತೈತ್ರಿ,” ಎಂದಳು ಸನ್ಮತಿ.

“ಏ ಸುಮ್ನಿರವಾ, ಶಾಸ್ತ್ರ ಬಿಡಾಕ ಬರೂದಿಲ್ಲ,” ಎಂದೆ.

ಮೂರು ಕಿಲೋ ತೂಕದ ರೋಬೋಟಿಗೆ ಒಂದು ಹಣ್ಣೂ ಒಡೆಯಲಿಲ್ಲ. ನನಗೆ ಅವಮಾನವಾಯಿತು. ಹಣ್ಣುಗಳನ್ನು ಹೆಚ್ಚಿಟ್ಟು, ರೋಬೋಟನ್ನು ಕೈಯಿಂದ ಒತ್ತಿ ಒತ್ತಿ ದಾಟಿಸಿದೆ.

ನಿಪ್ಪಾಣಿಯಲ್ಲಿ ಅಭ್ಯಾಸದ ಸುತ್ತು. ಎಡಕ್ಕೆ ಸರಿಯಬೇಕಾದ ರೋಬೋಟು ಮತ್ತೆ ಗಿರಕಿಗೆ ನಿಂತಿತು. “ಮೋಟರ್ ಕೆಟ್ಟೈತಿ,” ಎಂದು ತೀರ್ಪು ಕೊಟ್ಟೆ. ಸನ್ಮತಿಯ ಕಣ್ಣಲ್ಲಿ ನೀರಾಡಿತು. ಆದರೂ ರೋಬೋಟನ್ನು ಮಗುಚಿ, ತಲೆಯ ಪಿನ್ನು ತೆಗೆದು ಉರುಳೆಗಳ ಸಂದಿಯನ್ನು ಕೆದಕಿದಳು. ಲಿಂಬೆ ಬೀಜ ಬಂತು. ಇನ್ನೊಂದು, ಮತ್ತೊಂದು. ಹೀಗೆ ಬಂದ ಐದನ್ನೂ ನನ್ನ ಅಂಗೈಯಲ್ಲಿಟ್ಟು, “ಪ್ರಸಾದ ತಗೋರಿ ಸರ,” ಎಂದಳು. ಆಮೇಲೆ ಸ್ಪರ್ಧೆ ಮುಗಿಯುವವರೆಗೂ ನಾನು ಕೈಕಟ್ಟಿ ಕೂತಿದ್ದೆ.

ಅವಳ ಸರದಿ ಬಂತು. ಇಕ್ಕಟ್ಟು ಗಲ್ಲಿಯಂಥ ದಾರಿಯಲ್ಲಿ ರೋಬೋಟು ಮುಖ ತಿರುಗಿಸದೆ ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು, ಒಂದು ಗೋಡೆಯನ್ನೂ ಮುಟ್ಟದೆ ಹೊರಬಂತು. ಮೊದಲ ಸ್ಥಾನ ನಮ್ಮದೇ. ಸನ್ಮತಿ ಕುಣಿದಳು, ನಾನೂ ಕುಣಿದೆನೆಂದು ನೋಡಿದವರು ಹೇಳುತ್ತಾರೆ. ಫೋಟೋಕ್ಕೆ ನಾನು ಸರಿಯಾಗಿ ನಡುವೆ ಹೋಗಿ ನಿಂತೆ.

“ಸರ, ಜರಾ ಬಾಜೂಕ ಸರೀರಿ, ರೋಬೋಟ್ ಕಾಣವಲ್ದು,” ಎಂದಳು ಸನ್ಮತಿ.

ಸರಿಯಲು ಹೋಗಿ ನಾನು ಪೂರಾ ಒಂದು ಸುತ್ತು ತಿರುಗಿ, ಮೇಜಿಗೆ ಬಡಿದು, ಫೋಟೋದವನ ಕಾಲು ತುಳಿದೆ. ಆ ಫೋಟೋ ಈಗ ನಮ್ಮ ಶಾಲೆಯ ಗೋಡೆಯ ಮೇಲಿದೆ. ಸನ್ಮತಿಯೂ ರೋಬೋಟೂ ಚೆನ್ನಾಗಿ ಬಂದಿದ್ದಾರೆ. ನನ್ನದು ಬೆನ್ನು ಮಾತ್ರ.