ಓಟಿಲ್ಲದ ಮನೆಯ ದೋಸೆ

ಬಂದವರನ್ನು ಏನೂ ತಿನ್ನಿಸದೆ ಕಳಿಸಬಾರದು ಎನ್ನುವ ಚಾಳಿ ನನ್ನನ್ನು ಎಲ್ಲಿ ಹೋದರೂ ಪೇಚಿಗೆ ಸಿಕ್ಕಿಸುತ್ತದೆ. ಮೈಸೂರಿನಲ್ಲಿ ಸಿಕ್ಕಿಸಿತ್ತು, ಎಂಬತ್ತರ ದಶಕದಲ್ಲಿ ಅಮೆರಿಕದ ಯೂನಿಯನ್ ಸಿಟಿಗೆ ಬಂದ ಮೇಲೂ ಬಿಡಲಿಲ್ಲ.

೧. ಬೆಲ್ಲು

ನಮ್ಮ ಯಜಮಾನರು ಬೆಳಗ್ಗೆ ಏಳಕ್ಕೆ ಫ್ರೀವೇ ಹತ್ತಿದರೆ ಬರುವುದು ಕತ್ತಲಾದ ಮೇಲೆ. ಮಕ್ಕಳಿನ್ನೂ ಇರಲಿಲ್ಲ. ಹಗಲೆಲ್ಲ ಮನೆಯಲ್ಲಿ ನಾನು, ಫ್ರಿಜ್ಜು. ಫ್ರಿಜ್ಜಾದರೂ ಆಗಾಗ ಗುರ್ ಅನ್ನುತ್ತಿತ್ತು. ನನಗೆ ಅದಕ್ಕೂ ಅವಕಾಶವಿರಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬೆಲ್ಲಾಯಿತು. ಎದುರು ಸಾಲಿನ ಅಮೆರಿಕನ್ ಅಜ್ಜಿ, ಕೈಯಲ್ಲಿ ಕಾಗದದ ಕಟ್ಟು.

“ನಮ್ಮ ಬೀದಿಗೆ ಫುಟ್‌ಪಾತು, ದೀಪ ಹಾಕಿಸೋ ವಿಷಯ ಓಟಿಗೆ ಬರ್ತಿದೆ. ಖರ್ಚನ್ನ ಮನೆ ತೆರಿಗೆ ಜೊತೆ ಎಲ್ಲರೂ ಹಂಚಿಕೊಳ್ಳೋದು. ಹೂಂ ಅಂತ ಹಾಕ್ತೀರಾ?”

ನನಗೆ ಓಟೇ ಇರಲಿಲ್ಲ. ಗ್ರೀನ್ ಕಾರ್ಡಿನವಳು, ಇಲ್ಲಿ ಇರಬಹುದು, ಪೌರತ್ವ ಇಲ್ಲ. ಹಾಗಂತ ಹೇಳಿದರೆ ಬಾಗಿಲಿಂದಲೇ ಹೊರಟುಹೋಗುತ್ತಾರಲ್ಲ! “ಇನ್ನೂ ಯೋಚಿಸ್ತಿದ್ದೀನಿ, ಒಳಗೆ ಬನ್ನಿ” ಅಂದೆ. ಅಜ್ಜಿ ನಮ್ಮ ಮನೆ ನಂಬರು ಬರೆದು ಮುಂದೆ ಪ್ರಶ್ನೆ ಚಿಹ್ನೆ ಹಾಕಿಕೊಂಡರು. ಯೋಚಿಸುವವರ ಮನೆಗೆ ಪ್ರತಿ ವಾರ ಹೋಗಬೇಕಂತೆ. ಅವತ್ತಿನಿಂದ ನಾನು ಯೋಚಿಸುವುದನ್ನು ನಿಲ್ಲಿಸಲೇ ಇಲ್ಲ.

೨. ಬೇಡ

ಎರಡು ದಿನ ಬಿಟ್ಟು ಮೂಲೆ ಮನೆಯ ತಾತ ಬಂದರು. ಅವರದು ಎದುರು ಪಕ್ಷ. “ಫುಟ್‌ಪಾತು ಬೇಡ, ದೀಪ ಬೇಡ, ತೆರಿಗೆ ಮೊದಲೇ ಬೇಡ” ಎಂದು ಇಂಗ್ಲಿಷಿನಲ್ಲಿ ಹೇಳಿ ಕೂತರು. ದೋಸೆ ಹಾಕಿಕೊಟ್ಟೆ. ಎರಡಾದ ಮೇಲೆ ಸಾಕು ಅಂದರು. ಇನ್ನೊಂದು ಹಾಕಿದೆ. ಗಾಬರಿಯಿಂದ ನೋಡಿದರು.

“ನಮ್ಮ ಕಡೆ ಮೊದಲನೇ ‘ಬೇಡ’ ಬರೀ ಮರ್ಯಾದೆಗೆ” ಎಂದು ವಿವರಿಸಿ, ಆ ಕನ್ನಡ ಪದವನ್ನೂ ಕಲಿಸಿದೆ.

ಬೀದಿಗೆಲ್ಲ ‘ಬೇಡ’ ಸಾರುತ್ತಿದ್ದ ಮನುಷ್ಯ, ನಮ್ಮ ಮನೆಯಲ್ಲಿ ಐದು ದೋಸೆಗೆ ಸೋತರು.

೩. ಸಂಧಿ

ಒಂದು ಮಂಗಳವಾರ ಇಬ್ಬರೂ ಒಟ್ಟಿಗೇ ಬಂದುಬಿಟ್ಟರು. ಐದು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ನಮ್ಮಲ್ಲಿದ್ದದ್ದು ಒಂದೇ ಟೇಬಲ್ಲು, ಎದುರುಬದುರು ಕೂರಿಸಿ ಬಿಸಿಬೇಳೆಬಾತ್ ಬಡಿಸಿದೆ. ಮೊದಲ ತುತ್ತಿಗೆ ಇಬ್ಬರ ಕಣ್ಣಲ್ಲೂ ನೀರು. “ನೀರು ಕೊಡಿ” ಎಂದು ಅಜ್ಜಿ ತಾತನಿಗೇ ಹೇಳಿದರು! ಆಮೇಲೆ ಸಂಜೆವರೆಗೂ ಜಗಳವೋ ಜಗಳ. ನಾನು ಓಟು ಯಾವ ಕಡೆಗೆ ಹಾಕುತ್ತೇನೆಂದು ಕೇಳುವುದನ್ನೇ ಮರೆತು ಹೋದರು.

ತಟ್ಟೆ ತೊಳೆಯುವಾಗ ನನಗೆ ಅಳು ಬಂತು. ಓಟಿಗೆ ಉಳಿದಿದ್ದದ್ದು ಒಂದೇ ವಾರ. ಆಮೇಲೆ ಮತ್ತೆ ನಾನು, ಫ್ರಿಜ್ಜು.

೪. ಓಟಿನ ದಿನ

ಬೆಳಗ್ಗೆಯೇ ಇಬ್ಬರೂ ಒಂದೇ ಕಾರಿನಲ್ಲಿ ಬಂದರು. “ಹೊರಡಿ, ಓಟು ಹಾಕಿ ಬರೋಣ.”

ಇನ್ನು ಬಚ್ಚಿಡುವ ಹಾಗಿರಲಿಲ್ಲ. ತಲೆ ತಗ್ಗಿಸಿ ಹೇಳಿದೆ: “ನನಗೆ ಓಟೇ ಇಲ್ಲ. ಹೇಳಿದ್ರೆ ನೀವು ಬರಲ್ಲ ಅಂತ ಸುಮ್ಮನಿದ್ದೆ.”

ಅಜ್ಜಿ ನಕ್ಕರು. “ಮೊದಲ ದಿನವೇ ಮನೆಗೆ ಹೋಗಿ ಓಟರ್ ಪಟ್ಟಿ ನೋಡಿದೆ. ನಿಮ್ಮ ಹೆಸರೇ ಇರಲಿಲ್ಲ.”

“ನಾನೂ ನೋಡಿದ್ದೆ” ಅಂದರು ತಾತ.

“ಮತ್ತೆ ಪ್ರತಿ ವಾರ ಯಾಕೆ ಬರ್ತಿದ್ರಿ?”

ಇಬ್ಬರೂ ಮುಖ ಮುಖ ನೋಡಿಕೊಂಡರು. “ನಮ್ಮ ಮನೆ ಬೆಲ್ಲೂ ಯಾರೂ ಒತ್ತಲ್ಲಮ್ಮ” ಅಂದರು ಅಜ್ಜಿ, ಮೆಲ್ಲಗೆ.

ಕಣ್ಣೊರೆಸಿಕೊಂಡು ಕಾವಲಿ ಇಟ್ಟೆ. “ಹೋಗೋಕೆ ಮುಂಚೆ ಒಂದೊಂದು ದೋಸೆ?”

ತಾತ ಗಂಭೀರವಾಗಿ, ಅಚ್ಚ ಕನ್ನಡದಲ್ಲಿ “ಬೇಡ” ಅಂದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ತಟ್ಟೆ ಮುಂದೆ ಚಾಚಿದರು.