ರಿಫಾಕತ್ ಮಾಸ್ಟರರ ಬೀಗವಿದ್ಯೆ

"ಹದಿನೈದೇ ದಿನ! ಆಮೇಲೆ ಈ ಅಲೀಗಢದಲ್ಲಿ ನನ್ನೆದುರು ಬಾಯಿ ಮುಚ್ಕೊಂಡು ಕೂರೋ ಧೈರ್ಯ ಯಾವ ಬೀಗಕ್ಕೂ ಇರಕೂಡದು!"

ಗಣಿತದ ಮಾಸ್ಟರು ರಿಫಾಕತ್ ಹುಸೇನರು ರೊಟ್ಟಿಯ ಚೂರನ್ನು ಬೇಳೆಯಲ್ಲಿ ಅದ್ದಿ, ಅದನ್ನೇ ಬಾವುಟದ ಹಾಗೆ ಮೇಲೆತ್ತಿ ಈ ಘೋಷಣೆ ಮಾಡಿದರು. ಬೇಳೆ ಮೊಣಕೈವರೆಗೂ ಇಳಿಯಿತು. ಎದುರಿಗೆ ಕೂತಿದ್ದ ಹೆಂಡತಿ ಶಗುಫ್ತಾ ತಲೆ ಎತ್ತಲಿಲ್ಲ.

"ಮೊದ್ಲು ತೋಳು ಒರೆಸ್ಕೊಳ್ಳಿ," ಎಂದಳು.

ಈ ಆವೇಶಕ್ಕೆ ಕಾರಣ ಅವರ ಶಾಲೆಯ ಜವಾನ ಬುಂದೂ ಖಾನ್. ಅಂದು ಬೆಳಿಗ್ಗೆ ಸ್ಟಾಫ್ ರೂಮಿನ ಬೀಗದ ಕೈ ಕಳೆದುಹೋಗಿತ್ತು. ಒಂಬತ್ತು ಮಂದಿ ಮಾಸ್ಟರುಗಳು ಬಾಗಿಲ ಮುಂದೆ ನಿಂತು ಬೀಗದ ಸ್ವರೂಪದ ಬಗ್ಗೆ ಗಂಭೀರವಾಗಿ ಚರ್ಚಿಸುತ್ತಿದ್ದಾಗ, ಬುಂದೂ ಖಾನ್ ಸೈಕಲ್ಲಿನ ಎರಡು ಕಡ್ಡಿ ತಂದು ಒಂದೇ ನಿಮಿಷದಲ್ಲಿ ಬೀಗ ತೆಗೆದು, "ಒಳಗ್ ಬನ್ನಿ ಸಾಹೇಬ್ರೆ, ಚರ್ಚೆ ಕೂತ್ಕೊಂಡೇ ಮಾಡಿ" ಎಂದುಬಿಟ್ಟಿದ್ದ! ಎರಡು ಪದವಿಗಳ ಒಡೆಯರಾದ ರಿಫಾಕತ್ ಮಾಸ್ಟರರಿಗೆ ಆ ಮಾತು ಎದೆಗೆ ನಾಟಿತು. ಬದಾಯೂಂನಿಂದ ಬಂದು, ಹೆಂಡತಿಯ ಮನೆಯಲ್ಲೇ ನೆಲೆಸಿ, ಉಪರ್‌ಕೋಟ್‌ನ ಈ ಗಲ್ಲಿಯಲ್ಲಿ ಹದಿನೈದು ವರ್ಷ ಕಳೆದಿದ್ದರೂ ಅವರಿಗೆ ಬೀಗದ ಬಗ್ಗೆ ಗೊತ್ತಿದ್ದದ್ದು ಒಂದೇ. ಬೀಗದ ಕೈ ಎಲ್ಲಿಟ್ಟೆ ಎಂದು ಹೆಂಡತಿಯನ್ನು ಕೇಳಬೇಕು.

ಆ ಗಲ್ಲಿಯೋ, ಬೀಗದಿಂದಲೇ ಉಸಿರಾಡುವ ಗಲ್ಲಿ. ಒಂದು ಮನೆಯಲ್ಲಿ ಎರಕ, ಇನ್ನೊಂದರಲ್ಲಿ ಅರ ಹಾಕುವುದು, ಮತ್ತೊಂದರಲ್ಲಿ ಹೊಳಪು. ಶಗುಫ್ತಾಳ ತವರಿನಲ್ಲಿ ಮೂರು ತಲೆಮಾರಿನಿಂದ ಪಿನ್ನು ತುಂಬುವ ಕೆಲಸ. ಬೀಗದ ಕೈಯ ಹಲ್ಲುಗಳಿಗೆ ಸರಿಯಾಗಿ ಐದು ಹಿತ್ತಾಳೆಯ ಪಿನ್ನು, ಅವುಗಳ ತಲೆಯ ಮೇಲೆ ಇನ್ನೈದು, ಅವನ್ನು ಒತ್ತಿ ಹಿಡಿಯಲು ಕೂದಲೆಳೆಯಂಥ ಐದು ಸ್ಪ್ರಿಂಗು. ಶಗುಫ್ತಾ ಬೆಳಗಿನ ಕೆಲಸ ಮುಗಿಸಿ, ಅಮ್ಮನ ಜೊತೆ ಅಂಗಳದಲ್ಲಿ ಕೂತು, ಪಕ್ಕದ ಮನೆಯವಳ ಜೊತೆ ಹರಟೆ ಹೊಡೆಯುತ್ತಲೇ ಡಜನ್‌ಗಟ್ಟಲೆ ತುಂಬುತ್ತಿದ್ದಳು. ಮಾಸ್ಟರರು ಅದನ್ನು ಬಟಾಣಿ ಸುಲಿಯುವುದರ ಸಾಲಿಗೆ ಸೇರಿಸಿದ್ದರು.

"ನಿನ್ಗೆ ತುಂಬೋದು ಗೊತ್ತು, ತೆಗೆಯೋದು ಬೇರೆ ಶಾಸ್ತ್ರ," ಎಂದು ಅವಳಿಗೆ ವಿವರಿಸಿದರು. "ಅದಕ್ಕೆ ತಲೆ ಬೇಕು."

"ಹೌದಾ? ಸರಿ," ಎಂದಳು ಶಗುಫ್ತಾ.

ಗುರು ಸಿಕ್ಕಿದ್ದು ಫೋನಿನ ವಿಡಿಯೋದಲ್ಲಿ, ಯಾವುದೋ ದೇಶದ ಒಬ್ಬ ಗಡ್ಡದವನು. ಹದಿನಾಲ್ಕು ಸೆಕೆಂಡಿನಲ್ಲಿ ಬೀಗ ತೆಗೆದು ನಗುತ್ತಿದ್ದ. ಆಯುಧಗಳು ಮನೆಯಲ್ಲೇ ಸಿಕ್ಕವು. ಹಳೆಯ ಕೊಡೆಯ ಒಂದು ಕಡ್ಡಿ, ಹೆಂಡತಿಯ ತಲೆಪಿನ್ನು. ಕಡ್ಡಿಯಿಂದ ಬೀಗದ ಒಳಗಿನ ಉರುಳೆಯನ್ನು ಮೆಲ್ಲಗೆ ತಿರುಚಿ ಹಿಡಿಯಬೇಕು, ತಲೆಪಿನ್ನಿನಿಂದ ಒಳಗಿನ ಪಿನ್ನುಗಳನ್ನು ಒಂದೊಂದಾಗಿ ಎತ್ತಬೇಕು, ಎಲ್ಲವೂ ಒಂದೇ ಗೆರೆಗೆ ಬಂದು ನಿಂತರೆ ಉರುಳೆ ತಿರುಗುತ್ತದೆ. ಕೇಳುವುದಕ್ಕೆ ಎಷ್ಟು ಸುಲಭ! ಗೋಡೆಯ ಗೂಡಿನಲ್ಲಿ ಧೂಳು ತಿನ್ನುತ್ತಿದ್ದ ಒಂದು ಹಳೆಯ ಬೀಗವನ್ನು ಹಿಡಿದು ಮಾಸ್ಟರರು ಹತ್ತು ದಿನ ಗುದ್ದಾಡಿದರು. ಹೆಬ್ಬೆರಳಲ್ಲಿ ಬೊಬ್ಬೆ ಬಂತು, ಏಳು ತಲೆಪಿನ್ನು ಮುರಿದವು, ಶಗುಫ್ತಾ ಜಡೆ ಬಿಚ್ಚಿಕೊಂಡು ಓಡಾಡುವಂತಾಯಿತು.

ಹನ್ನೊಂದನೆಯ ದಿನ, ಶನಿವಾರ ಸಂಜೆ, ಒಳಗೆ ಎಲ್ಲೋ 'ಟಿಕ್' ಎಂದಿತು.

ಅದೇನು ಸದ್ದೋ! ಕಿವಿಗೆ ಕೇಳಿಸಿದ್ದಲ್ಲ, ಬೆರಳಿಗೆ ಕೇಳಿಸಿತು. ಉರುಳೆ ತಾನಾಗಿ ತಿರುಗಿತು, ಕೊಂಡಿ ಮೇಲಕ್ಕೆ ಹಾರಿತು. ಮಾಸ್ಟರರ ಮೈ ಜುಮ್ಮೆಂದಿತು. ಇಷ್ಟು ಪುಟ್ಟ ಕಬ್ಬಿಣದ ಹೊಟ್ಟೆಯಲ್ಲಿ ಇಷ್ಟೊಂದು ಲೆಕ್ಕಾಚಾರ ಅಡಗಿಸಿಟ್ಟವನು ಯಾರಪ್ಪಾ ಎಂದು ಬೆರಗಾಗಿ, ತೆರೆದ ಬೀಗವನ್ನು ಅಂಗೈಯಲ್ಲಿಟ್ಟುಕೊಂಡು ಹತ್ತು ನಿಮಿಷ ತಿರುತಿರುಗಿಸಿ ನೋಡಿದರು. ಕಣ್ಣಲ್ಲಿ ನೀರು ಬಂದದ್ದನ್ನು ಯಾರೂ ನೋಡಲಿಲ್ಲ. ಮೂಗೆಳೆದ ಸದ್ದು ಕೇಳಿಸಿಕೊಂಡ ಅತ್ತೆ ಕುಲ್ಸುಮ್ ಬೀ ಯಾರಿಗೂ ಹೇಳಲಿಲ್ಲ.

ಮಾಸ್ಟರರು ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆ ಹೇಳುವ ಕೆಲಸವೇ ಇರುತ್ತಿರಲಿಲ್ಲ.

ಮರುದಿನ ಭಾನುವಾರ. ಅಂಗಳದಲ್ಲಿ ಚಾಪೆಯ ಮೇಲೆ ಹನ್ನೆರಡು ಡಜನ್ ಹೊಸ ಬೀಗಗಳು, ಪ್ರತಿಯೊಂದರ ಕೊಂಡಿಗೂ ಅದರದರ ಬೀಗದ ಕೈಯನ್ನು ತಂತಿಯಿಂದ ಕಟ್ಟಿ, ಮದುಮಗಳಂತೆ ಮಿರುಗುತ್ತಾ ಕೂತಿದ್ದವು. ಇವು ಅಂತಿಂಥ ಬೀಗಗಳಲ್ಲ. ಇಷ್ಟು ವರ್ಷ ಶಗುಫ್ತಾ ತುಂಬಿದ್ದೆಲ್ಲ ಅವಳ ಚಿಕ್ಕಪ್ಪನ ಹೆಸರಿನಲ್ಲಿ ಹೋಗುತ್ತಿತ್ತು, ಹೊಗಳಿಕೆಯೂ ಚಿಕ್ಕಪ್ಪನಿಗೇ. ಮೊದಲ ಬಾರಿಗೆ ದೊಡ್ಡ ವ್ಯಾಪಾರಿ ಬನ್ವಾರಿ ಲಾಲಾ ವಾರ್ಷ್ಣೇಯರು ನೇರವಾಗಿ ಅವಳ ಹೆಸರಿಗೇ ಕೆಲಸ ಕೊಟ್ಟಿದ್ದರು. ಸಂಜೆ ನಾಲ್ಕಕ್ಕೆ ಅವರೇ ಬಂದು, ಗುಡ್ಡೆಯಿಂದ ಮನಸ್ಸಿಗೆ ಬಂದ ಹತ್ತು ಬೀಗ ಎತ್ತಿ, ತಮ್ಮ ಕೈಯಿಂದಲೇ ತಿರುಗಿಸಿ ನೋಡುವವರು. ಒಂದೇ ಒಂದು ತೆರೆಯದಿದ್ದರೂ ಇಡೀ ಮಾಲು ವಾಪಸ್, ಆಮೇಲೆ ಮತ್ತೆ ಚಿಕ್ಕಪ್ಪನೇ ಗತಿ.

"ನಾನು ಪ್ಯಾಕಿಂಗ್ ಡಬ್ಬ ತರೋಕೆ ಹೋಗ್ತಿದೀನಿ, ಮಧ್ಯಾಹ್ನದೊಳಗೆ ಬರ್ತೀನಿ," ಎಂದು ಶಗುಫ್ತಾ ಬುರ್ಖಾ ತೊಟ್ಟಳು. "ಇವನ್ನ ಯಾರೂ ಮುಟ್ಬಾರ್ದು ರೀ."

"ಯಾರ್ ಮುಟ್ತಾರೆ! ನಾನಿಲ್ವಾ?" ಎಂದರು ಮಾಸ್ಟರರು.

ಅದೇ ಆಗಿದ್ದು ತೊಂದರೆ.

ಒಂದೇ ಒಂದು ಬೀಗ ತೆಗೆದು ನೋಡೋಣ ಎಂದು ಕೂತರು. ಅದು ಬಗ್ಗಲಿಲ್ಲ. ಪಕ್ಕದಲ್ಲೇ ಕೈ ನೇತಾಡುತ್ತಾ ಕೆಣಕುತ್ತಿತ್ತು. ಶತ್ರುವಿನ ಕತ್ತಿಯನ್ನೇ ಎರವಲು ಪಡೆದು ಗೆಲ್ಲುವುದು ವೀರನಿಗೆ ಶೋಭೆಯೇ? ತಂತಿ ಬಿಚ್ಚಿ ಕೈಯನ್ನು ಹಿಟ್ಟು ಕಲಸುವ ಹಿತ್ತಾಳೆಯ ಪರಾತಕ್ಕೆ ಎಸೆದರು. ಆಗಲೂ ಬಗ್ಗಲಿಲ್ಲ. ಎರಡನೆಯದು? ಅದೂ ಇಲ್ಲ. ಆಗ ಮಾಸ್ಟರರೊಳಗಿನ ಗಣಿತ ಎದ್ದು ಕೂತಿತು. ನೂರ ನಲವತ್ತನಾಲ್ಕರಲ್ಲಿ ಒಂದಾದರೂ ಸಡಿಲ ಬೀಗ ಇದ್ದೇ ಇರಬೇಕು! ಒಂದೊಂದಕ್ಕೆ ಒಂದೊಂದು ನಿಮಿಷ ಕೊಟ್ಟರೆ ಸಿಕ್ಕೇ ಸಿಗುತ್ತದೆ!

ತಂತಿ ಬಿಚ್ಚುವುದು, ಕೈ ಎಸೆಯುವುದು, ಗುದ್ದಾಡುವುದು, ಮುಂದಿನದು. ಮಂಚದ ಮೇಲಿದ್ದ ಕುಲ್ಸುಮ್ ಬೀಗೆ ಪೊರೆ ಬಂದ ಕಣ್ಣು, ಕಿವಿ ಮಾತ್ರ ಚುರುಕು.

"ದುಲ್ಹಾ ಮಿಯಾ, ಅದೇನು ಠಣ್ ಠಣ್ ಅಂತ ಬೀಳ್ತಿರೋದು?"

"ಪ್ರಯೋಗ ಅಮ್ಮೀ, ಪ್ರಯೋಗ!"

ಅಳಿಯ ಓದಿದವನು, ಓದಿದವನ ಪ್ರಯೋಗಕ್ಕೆ ಅಡ್ಡ ಬರಬಾರದು ಎಂದು ಆಕೆ ತಸ್ಬೀ ಮಣಿ ಎಣಿಸತೊಡಗಿದರು. ಪಾಪ!

ಹನ್ನೆರಡೂವರೆಗೆ ಶಗುಫ್ತಾ ಡಬ್ಬಗಳ ಗೋಪುರ ಹೊತ್ತು ಬಂದಳು. ಚಾಪೆಯ ಮೇಲೆ ನೂರ ನಲವತ್ತನಾಲ್ಕು ಬೀಗ, ಎಲ್ಲವೂ ಬಾಯಿ ಮುಚ್ಚಿಕೊಂಡೇ ಇದ್ದವು. ಪರಾತದಲ್ಲಿ ನೂರ ನಲವತ್ತನಾಲ್ಕು ಕೈ. ನಡುವೆ ಮಾಸ್ಟರರು, ಕೊನೆಯ ಬೀಗದ ಮೂತಿಗೆ ಮೂತಿ ಇಟ್ಟು. ಯಾವ ಬೀಗಕ್ಕೂ ನಂಬರಿಲ್ಲ, ಯಾವ ಕೈಗೂ ಗುರುತಿಲ್ಲ. ತಂತಿಯೊಂದೇ ಅವುಗಳ ಮದುವೆಪತ್ರ, ನಿಕಾಹ್‌ನಾಮೆ.

ಡಬ್ಬದ ಗೋಪುರ ಕುಸಿಯಿತು.

"ರೀ... ಯಾವ ಕೈ ಯಾವುದರದ್ದು?"

ಮಾಸ್ಟರರು ಪರಾತ ನೋಡಿದರು, ಚಾಪೆ ನೋಡಿದರು. ಆಗ, ಆಗಷ್ಟೇ, ತಾವು ಏನು ಮಾಡಿದ್ದೇವೆಂದು ಅವರಿಗೆ ಹೊಳೆಯಿತು. ಆದರೂ ಮಾಸ್ಟರಲ್ಲವೇ!

"ಗಾಬರಿ ಬೇಡ ಶಗುಫ್ತಾ, ಲೆಕ್ಕ ಮಾಡೋಣ. ಮೊದಲ ಬೀಗಕ್ಕೆ ಹೆಚ್ಚೆಂದರೆ ನೂರ ನಲವತ್ತನಾಲ್ಕು ಸಲ, ಎರಡನೇದಕ್ಕೆ ಒಂದು ಕಡಿಮೆ, ಹೀಗೆ ಕೂಡಿಸಿದ್ರೆ ಹತ್ತು ಸಾವಿರದ ನಾನೂರ ನಲವತ್ತು. ಸಲಕ್ಕೆ ಐದು ಸೆಕೆಂಡಾದ್ರೆ... ಹದಿನಾಲ್ಕೂವರೆ ಗಂಟೆ."

"ಲಾಲಾಜಿ ಬರೋದು ನಾಲ್ಕಕ್ಕೆ."

"ಹಾಗಾದ್ರೆ ಹನ್ನೊಂದು ಗಂಟೆ ಕಮ್ಮಿ ಬೀಳುತ್ತೆ," ಎಂದರು ಮಾಸ್ಟರರು, ಅಳುವ ದನಿಯಲ್ಲಿ.

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ. ಚಾಪೆಯ ಅಂಚಿನಲ್ಲಿ ಕುಸಿದು ಕೂತಳು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಡಬ್ಬದ ಮೇಲೆ ಅವಳ ಹೆಸರಿನ ಚೀಟಿ ಅಂಟಿತ್ತು. ಅದನ್ನು ಬೆರಳಿನಿಂದ ಒಮ್ಮೆ ಸವರಿದಳು. ಮಾಸ್ಟರರಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಅಷ್ಟರಲ್ಲಿ ಕುಲ್ಸುಮ್ ಬೀ ಮಂಚದಿಂದ ಕಾಲು ಇಳಿಬಿಟ್ಟರು. "ಅಳೋಕೆ ಆಮೇಲೆ ಹೊತ್ತಿದೆ ಮಗಾ. ನನ್ಗೊಂದು ತಲೆಪಿನ್ನು, ಒಂದು ಕೊಡೆ ಕಡ್ಡಿ ಕೊಡು, ನೀನೂ ಹಾಗೇ ತಗೋ."

ಆಮೇಲೆ ನಡೆದದ್ದನ್ನು ರಿಫಾಕತ್ ಮಾಸ್ಟರರು ಇವತ್ತಿಗೂ ದನಿ ತಗ್ಗಿಸಿ ಹೇಳುತ್ತಾರೆ.

ಶಗುಫ್ತಾ ಒಂದು ಬೀಗ ಎತ್ತಿ ಎಡಗೈಯಲ್ಲಿ ಹಿಡಿದಳು. ಕಿರುಬೆರಳಿನಿಂದ ಕಡ್ಡಿಯನ್ನು ಒತ್ತಿದಳೋ ಮುಟ್ಟಿದಳೋ ಗೊತ್ತಾಗಲಿಲ್ಲ. ತಲೆಪಿನ್ನು ಒಳಗೆ ಹೋಗಿ, ಮಗುವಿನ ಹಲ್ಲು ಎಣಿಸುವಂತೆ ಒಂದೊಂದನ್ನೇ ತಟ್ಟಿತು. ಅವಳು ಬೀಗದ ಕಡೆ ನೋಡುತ್ತಲೂ ಇರಲಿಲ್ಲ.

"ಎತ್ತರ, ತಗ್ಗು, ತಗ್ಗು, ನಡು, ಎತ್ತರ," ಎಂದಳು. ಟಿಕ್! ಕೊಂಡಿ ಹಾರಿತು.

ಮಾಸ್ಟರರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

"ಏನ್ ನೋಡ್ತಿದೀರಿ? ಪಿನ್ನು ಎಷ್ಟು ಮೇಲೆ ಹೋಗಿ ಕೂರುತ್ತೋ ಕೈಯ ಹಲ್ಲು ಅಷ್ಟೇ ಎತ್ತರ. ಅಂಥಾ ಕೈ ಹುಡುಕಿ!"

ಪೊರೆ ಬಂದ ಕಣ್ಣುಗಳನ್ನೂ ಪೂರ್ತಿ ಮುಚ್ಚಿಕೊಂಡು ಕುಲ್ಸುಮ್ ಬೀ ಅತ್ತ ಎರಡನೆಯದನ್ನು ಆಗಲೇ ತೆರೆದಿದ್ದರು. "ತಗ್ಗು, ತಗ್ಗು, ಎತ್ತರ, ಎತ್ತರ, ನಡು. ದುಲ್ಹಾ ಮಿಯಾ, ಎಲ್ಲಿ ಕೈ?"

ಗಡ್ಡದ ಗುರುವಿಗೆ ಹದಿನಾಲ್ಕು ಸೆಕೆಂಡು ಹಿಡಿದಿತ್ತು. ಈ ಮುದುಕಿ ನಡುನಡುವೆ ಸೊಂಟ ನೋವಿನ ವರದಿಯನ್ನೂ ಕೊಡುತ್ತಾ ಅವನನ್ನು ನಾಚಿಸುತ್ತಿದ್ದರು! ಮಾಸ್ಟರರು ಎಚ್ಚೆತ್ತರು. ಕೈಗಳನ್ನು ಮೊದಲ ಹಲ್ಲು ನೋಡಿ ಮೂರು ಪಾಲು, ಎರಡನೆಯ ಹಲ್ಲು ನೋಡಿ ಮತ್ತೆ ಮೂರು ಮೂರು ಪಾಲು ಮಾಡಿ, ಒಂಬತ್ತು ಗುಡ್ಡೆ ಹಾಕಿದರು. ಈಗ ಹುಡುಕಲು ಪ್ರತಿ ಗುಡ್ಡೆಯಲ್ಲೂ ಹದಿನಾರರ ಆಸುಪಾಸು.

"ಪರವಾಗಿಲ್ವೇ," ಎಂದಳು ಶಗುಫ್ತಾ. ಅಷ್ಟು ಹೊಗಳಿಕೆಗೆ ಮಾಸ್ಟರರು ಊಟ ಮರೆತರು.

ತೆರೆಯುವುದು, ಕೂಗುವುದು, ಕೈ ಹಾಕಿ ತಿರುಗಿಸುವುದು, ತಂತಿ ಕಟ್ಟುವುದು. ಅಂಗಳದಲ್ಲಿ ಟಿಕ್, ಟಿಕ್, ಟಿಕ್! ಮಾಸ್ಟರರಿಗೆ ಹತ್ತು ದಿನ ಬೆವರಿ ಒಮ್ಮೆ ಕೇಳಿಸಿದ ಸದ್ದು ಇಲ್ಲಿ ಒಗ್ಗರಣೆಯ ಸಾಸಿವೆಯ ಹಾಗೆ ಸಿಡಿಯುತ್ತಿತ್ತು. ಇಬ್ಬರು ಹೆಂಗಸರ ಬೆರಳ ತುದಿಯಲ್ಲಿ ಕಣ್ಣಿತ್ತು. ಹದಿನೈದು ವರ್ಷ ಇದೇ ಬೆರಳುಗಳು ಬಡಿಸಿದ ರೊಟ್ಟಿ ತಿಂದೂ ತಾನು ಇದನ್ನು ನೋಡಲೇ ಇಲ್ಲವಲ್ಲ ಎಂದುಕೊಳ್ಳುತ್ತಾ ಮಾಸ್ಟರರು ಮುಂದಿನ ಕೈ ಹುಡುಕಿದರು.

ಇನ್ನೂ ಹನ್ನೊಂದು ಬೀಗ ಉಳಿದಿರುವಾಗ ಬಾಗಿಲು ಬಡಿದ ಸದ್ದು. ಮೂರೂವರೆ!

"ಲಾಲಾಜಿ! ಅರ್ಧ ಗಂಟೆ ಮುಂಚೇನೇ!" ಶಗುಫ್ತಾ ಬಿಳಿಚಿಕೊಂಡಳು. "ಹೋಗ್ರೀ, ಮಾತಾಡಿಸ್ತಾ ಇರಿ!"

ಮಾಸ್ಟರರು ಲಾಲಾರನ್ನು ಹೊರಕೋಣೆಯಲ್ಲಿ ಕೂರಿಸಿ ಚಹಾ ಕೊಟ್ಟರು. ಮಂಡಿನೋವಿನ ಬಗ್ಗೆ ವಿಚಾರಿಸಿದರು. ಮಂಡಿ ಐದು ನಿಮಿಷಕ್ಕೆ ಮುಗಿಯಿತು. ಲಾಲಾ ಏಳಲು ಹೊರಟರು. ಮಾಸ್ಟರರಿಗೆ ಬೇರೆ ಏನೂ ತೋಚದೆ, ನೆಲದ ಹಾಸುಗಲ್ಲು ತೋರಿಸಿ, "ಲಾಲಾಜಿ, ತ್ರಿಕೋನದ ಮೂರು ಕೋನ ಕೂಡಿಸಿದ್ರೆ ಯಾವಾಗ್ಲೂ ಅಷ್ಟೇ ಯಾಕೆ ಬರುತ್ತೆ ಗೊತ್ತಾ?" ಎಂದು ಶುರು ಹಚ್ಚಿದರು. ಲಾಲಾ ಮರ್ಯಾದಸ್ತರು, ಕೇಳಿಸಿಕೊಂಡರು. ಏಳನೇ ನಿಮಿಷಕ್ಕೆ ಅವರ ಗದ್ದ ಎದೆಗೆ ತಾಗಿತು. ಇಪ್ಪತ್ತು ವರ್ಷ ತರಗತಿಗಳನ್ನು ಮಲಗಿಸಿದ ಅನುಭವ ಅಂದು ಸಾರ್ಥಕವಾಯಿತು!

ಲಾಲಾರಿಗೆ ಎಚ್ಚರವಾದಾಗ ಅಂಗಳದಲ್ಲಿ ಹನ್ನೆರಡು ಡಜನ್ ಬೀಗಗಳು ತಂತಿ ಕಟ್ಟಿಸಿಕೊಂಡು ಸಾಲಾಗಿ ಕೂತಿದ್ದವು. ಹತ್ತು ಎತ್ತಿದರು. ಒಂದು ತೆರೆಯಿತು, ಎರಡು, ಮೂರು... ಒಂಬತ್ತನೆಯದು ತಡವರಿಸಿತು. ಮಾಸ್ಟರರ ಜೀವ ಬಾಯಿಗೆ ಬಂತು. ಲಾಲಾ ಕೈಯನ್ನು ಹೊರಗೆ ತೆಗೆದು ಕುರ್ತಾದ ಅಂಚಿನಿಂದ ಒರೆಸಿ ಮತ್ತೆ ಹಾಕಿದರು. ತೆರೆಯಿತು. ಹತ್ತನೆಯದೂ ತೆರೆಯಿತು.

"ಬೇಟಿ, ಇಷ್ಟು ವರ್ಷ ನಿನ್ನ ಚಿಕ್ಕಪ್ಪನ ಕೈ ಚೆನ್ನಾಗಿದೆ ಅಂದ್ಕೊಂಡಿದ್ದೆ," ಎಂದರು ಲಾಲಾ. "ಅದು ನಿನ್ನ ಕೈ. ಮುಂದಿನ ಸಲ ಇಪ್ಪತ್ನಾಲ್ಕು ಡಜನ್, ನಿನ್ನ ಹೆಸರಿಗೇ."

ರಿಕ್ಷಾ ಹೋದ ಮೇಲೆ ಶಗುಫ್ತಾ ಗೋಡೆಗೊರಗಿ ಕೂತಳು. ಮಾಸ್ಟರರು ತಾವೇ ಚಹಾ ಮಾಡಿ ಇಬ್ಬರು ಹೆಂಗಸರಿಗೂ ಕೊಟ್ಟು, ಎದುರಿಗೆ ವಿಧೇಯ ವಿದ್ಯಾರ್ಥಿಯಂತೆ ಚಕ್ಕಂಬಕ್ಕಳ ಹಾಕಿದರು.

"ಶಗುಫ್ತಾ, ಬೀಗ ತೆಗೆಯೋಕೆ ಬರುತ್ತೆ ಅಂತ ನೀನು ಒಂದು ದಿನವೂ ಹೇಳ್ಲೇ ಇಲ್ವಲ್ಲ!"

"ಬೀಗ ತೆಗೆಯೋದು ಅಂತ ಯಾರಂತಾರೆ? ಪಿನ್ನು ಸರಿಯಾಗಿ ಕೂತಿದ್ಯಾ ಅಂತ ನೋಡೋದು, ಅಷ್ಟೆ. ಗೂಡಲ್ಲಿದ್ದ ಬೀಗದಲ್ಲಿ ಅಮ್ಮಿ ಕಲಿಸಿದ್ರು, ನಂಗಾಗ ಏಳು ವರ್ಷ."

"ಗೂಡಿನ ಬೀಗ... ನಾನು ತೆಗೆದೆನಲ್ಲ, ಅದೇನಾ?"

"ಹೂಂ. ಅದರಲ್ಲಿ ಒಂದೇ ಪಿನ್ನು. ಮಕ್ಕಳಿಗೆ ಕಲಿಸೋಕೆ ಇಟ್ಟಿರೋದು."

ಮಾಸ್ಟರರು ಆ ಏಟನ್ನೂ ನುಂಗಿಕೊಂಡರು. ಹಾಗೆ ನುಂಗುತ್ತಿರುವಾಗಲೇ ಅವರ ಕೈ ಕೊರಳಿನ ದಾರಕ್ಕೆ ಹೋಯಿತು. ಮೂಲೆಯಲ್ಲಿ ಅವರ ತಗಡಿನ ಟ್ರಂಕಿತ್ತು. ಅದಕ್ಕೊಂದು ಐದು ಪಿನ್ನಿನ ಬೀಗ, ಬೀಗದ ಕೈ ಸದಾ ಅವರ ಕೊರಳಿನ ತಾಯಿತದ ದಾರದಲ್ಲಿ. ಒಳಗಿರುವುದು ಸರ್ಕಾರದ ಪರೀಕ್ಷೆಯ ಗುಪ್ತ ಕಾಗದಗಳು, ಮುಟ್ಟಿದವರಿಗೆ ಜೈಲು ಎಂದು ಮದುವೆಯಾದ ವರ್ಷವೇ ಹೇಳಿದ್ದರು. ಒಳಗಿದ್ದದ್ದು ಆರು ನೋಟ್‌ಬುಕ್ಕು. ಆರರ ತುಂಬ ಗಜಲುಗಳು. ಹೆಂಡತಿಯ ಕಣ್ಣು, ಹೆಂಡತಿಯ ನಡಿಗೆ, ಎದುರಿಗೆ ನಿಂತು ಹೇಳಲು ಹದಿನೈದು ವರ್ಷದಿಂದ ಬಾಯಿ ಬಾರದೆ ಹೋದ ಮಾತುಗಳು.

"ಶಗುಫ್ತಾ," ಎಂದರು ಮೆಲ್ಲಗೆ. "ಆ ಟ್ರಂಕು... ನೀನು ಯಾವತ್ತಾದ್ರೂ..."

ಶಗುಫ್ತಾ ಚಹಾ ಊದಿದಳು. ಕಿವಿಯ ತುದಿ ಕೆಂಪಾಗಿತ್ತು.

"ಅದರ ಎರಡನೇ ಪಿನ್ನು ಸವೆದುಹೋಗಿತ್ತು ರೀ, ಬೀಗ ಸರಿಯಾಗಿ ಬೀಳ್ತಿರ್ಲಿಲ್ಲ. ಹೋದ ರಂಜಾನಿನಲ್ಲಿ ಹೊಸದು ಹಾಕಿದೆ," ಎಂದಳು. "ಇಲ್ದಿದ್ರೆ ಯಾರಾದ್ರೂ ತೆಗೆದು ಓದಿಬಿಟ್ರೆ?"