ಶಿವಪ್ರಕಾಶನ ಇನ್‌ವರ್ಟರ್ ಸುಟ್ಟ ದಿನ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದು ಬಲ್ಬು. ಅದೂ ಅಂಗೈಯಲ್ಲಿ ಅಡಗುವಂಥ ಪುಟ್ಟ ಎಲ್‌ಇಡಿ ಬಲ್ಬು. ಆ ದಿನ ಬೆಳಗ್ಗೆ ಶಿವಪ್ರಕಾಶ ಅದರ ಸ್ವಿಚ್ಚಿಗೆ ಕೈ ಹಾಕದೇ ಇದ್ದಿದ್ದರೆ ಸಂಜೆ ನೆಮ್ಮದಿಯಾಗಿ ಕಾಫಿ ಕುಡಿದು ಕಾಲು ಚಾಚಿಕೊಂಡಿರುತ್ತಿದ್ದ.

ಅಮ್ಮತ್ತಿಯಲ್ಲಿ ಮಳೆಗಾಲಕ್ಕೆ ಸಿದ್ಧವಾಗುವುದೆಂದರೆ ಹೆಣ್ಣಿನ ಕಡೆಯವರು ಮದುವೆಗೆ ಸಿದ್ಧವಾದ ಹಾಗೆ. ಎಷ್ಟು ಮಾಡಿದರೂ ಏನೋ ಒಂದು ಮರೆತಿರುತ್ತದೆ. ಶಿವಪ್ರಕಾಶ ಬಾಡಿಗೆಗಿದ್ದ ಸಾಲುಮನೆಗಳಲ್ಲಿ ಮೇ ತಿಂಗಳಲ್ಲೇ ಎಲ್ಲರ ತಯಾರಿ ಮುಗಿದಿತ್ತು. ಪಕ್ಕದ ಮನೆಯ ತಂಗಮ್ಮ ಸೂರಿನ ಕೆಳಗೆ ಕಿಟಕಿ ಮುಚ್ಚಿಹೋಗುವಷ್ಟು ಸೌದೆ ಪೇರಿಸಿದ್ದರು. ಹಿಂದಿನ ಮನೆಯ ತುಳಸಿ ಪೆಟ್ಟಿಗೆಗಟ್ಟಲೆ ಮೇಣದಬತ್ತಿ ತಂದಿಟ್ಟಿದ್ದಳು, ಬೆಂಕಿಪೊಟ್ಟಣ ತರಲು ಮರೆತಿದ್ದಳು. ರಸ್ತೆಯಂಚಿನಲ್ಲಿ ಸಲೂನ್ ಇಟ್ಟಿದ್ದ ಧರ್ಮೇಂದ್ರ ಬ್ಯಾಟರಿಯಲ್ಲಿ ಓಡುವ ಟ್ರಿಮ್ಮರ್ ಕೊಂಡಿದ್ದ, ಅದಕ್ಕೆ ಚಾರ್ಜ್ ಹಾಕಿರಲಿಲ್ಲ. ಶಿವಪ್ರಕಾಶ ಮಾತ್ರ ಇವರೆಲ್ಲರನ್ನೂ ಮೀರಿಸಿ ಇನ್‌ವರ್ಟರ್ ಕೂರಿಸಿದ್ದ.

ಅದು ಅವನ ಸ್ವಂತ ಬುದ್ಧಿಯೇನಲ್ಲ. ಶನಿವಾರಸಂತೆಯವನಾದ ಅವನು ಇಲ್ಲಿನ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಗುಮಾಸ್ತ. ಕತ್ತಲಾದರೆ ಮಲಗುವುದು, ಬೆಳಕಾದರೆ ಏಳುವುದು, ಇದಿಷ್ಟೇ ಅವನ ವಿದ್ಯುತ್ ನೀತಿ. ಆದರೆ ಹೆಂಡತಿ ಭವ್ಯಶ್ರೀ ಲೆಕ್ಕದಲ್ಲಿ ಎಂಎಸ್ಸಿ ಮಾಡಿ ಹತ್ತು ವರ್ಷ ಅಡುಗೆಮನೆಯಲ್ಲಿ ಕೂಡಿಸುತ್ತ ಕಳೆಯುತ್ತ ಇದ್ದವಳು. ಈಗ ಮೈಸೂರಿನ ಟ್ಯೂಷನ್ ಸಂಸ್ಥೆಯೊಂದಕ್ಕೆ ಮನೆಯಿಂದಲೇ ಆನ್‌ಲೈನ್ ಪಾಠ ಹೇಳುವ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಇನ್‌ವರ್ಟರ್ ಬಂದದ್ದು ಅವಳ ಹಟದಿಂದ.

ಕಕ್ಕಡ ತಿಂಗಳ ಗಾಳಿಮಳೆಗೆ ಸಿಲ್ವರ್ ಓಕ್ ಮರವೊಂದು ಲೈನಿನ ಮೇಲೆ ಮಲಗಿ ಊರಿಗೆ ಊರೇ ಕತ್ತಲಾಗಿ ಆಗಲೇ ಎರಡು ದಿನ. ಮೊಬೈಲ್ ಟವರ್ ಕೂಡ ಕೊನೆಯುಸಿರೆಳೆದಿತ್ತು. ಮನೆಯ ಫೈಬರ್ ಇಂಟರ್ನೆಟ್ ಒಂದು ಹೇಗೋ ಬದುಕಿತ್ತು. ಆ ದಿನ ಸಂಜೆ ನಾಲ್ಕಕ್ಕೆ ಭವ್ಯಶ್ರೀಯ ಇಂಟರ್‌ವ್ಯೂ. ಅಮ್ಮತ್ತಿಯಲ್ಲಿ ಝೆರಾಕ್ಸ್ ಮಷೀನೂ ಸತ್ತಿದ್ದರಿಂದ ಮಾರ್ಕ್ಸ್ ಕಾರ್ಡುಗಳ ಕಾಪಿ ತೆಗೆಸಲು ಅವಳು ಬೆಳಗ್ಗೆಯೇ ವಿರಾಜಪೇಟೆಯ ಬಸ್ಸು ಹಿಡಿದಳು. ಹೊರಡುವಾಗ ಛತ್ರಿಯ ತುದಿಯನ್ನು ಗಂಡನ ಎದೆಗೆ ತೋರಿಸಿ ಹೇಳಿದಳು.

"ರೀ, ಬ್ಯಾಟರಿ ನನ್ನ ಇಂಟರ್‌ವ್ಯೂಗೆ ಬೇಕು. ಒಂದು ಬಲ್ಬೂ ಹಾಕ್ಬೇಡಿ. ಕೇಳಿಸ್ತಾ?"

"ನಾನೇನ್ ಮಗೂನಾ? ನೀನು ಹೋಗಿ ಬಾ," ಎಂದ ಶಿವಪ್ರಕಾಶ.

ಅವಳು ತಿರುವು ದಾಟುವ ತನಕ ತಡೆದುಕೊಂಡ. ಕರೆಂಟಿಲ್ಲದೆ ಆಫೀಸಿಗೂ ರಜೆ. ಹೊರಗೆ ಹಗಲೇ ಮಸಿ ಬಳಿದಂತಿತ್ತು. ಇನ್‌ವರ್ಟರ್ ನಿಜವಾಗಿ ಕೆಲಸ ಮಾಡುತ್ತದೋ ಇಲ್ಲವೋ ನೋಡಿಬಿಡೋಣ ಎಂದು ಜಗಲಿಯ ಬಲ್ಬು ಹಾಕಿದ. ಝಗ್ಗೆಂದಿತು. ಇಡೀ ಅಮ್ಮತ್ತಿಯಲ್ಲಿ ತನ್ನ ಮನೆಯೊಂದೇ ಬೆಳಗುತ್ತಿದೆಯೆಂಬ ಸಂತೋಷದಲ್ಲಿ ಮೀಸೆ ತಿರುವುತ್ತ ಒಂದು ನಿಮಿಷ ನಿಂತ. ಆ ಒಂದು ನಿಮಿಷ ಸಾಕಾಯಿತು.

"ಪ್ರಕಾಶ್! ನಿಮ್ಮಲ್ಲಿ ಕರೆಂಟ್ ಉಂಟಾ?" ತಂಗಮ್ಮ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಾಗಿಲಲ್ಲಿದ್ದರು. "ಮಗಳು ತಿತಿಮತಿಯಲ್ಲಿ ಒಬ್ಬಳೇ. ಬರೀ ಐದು ನಿಮಿಷ ಚಾರ್ಜಿಗೆ ಹಾಕಿ ನಿಮ್ಮ ವೈಫೈಯಲ್ಲಿ ಮಾತಾಡಿ ಹೋಗ್ತೇನೆ."

ತುಂಬು ಗರ್ಭಿಣಿ ಮಗಳ ಜೊತೆ ಮಾತಾಡಬೇಡಿ ಎನ್ನುವುದು ಹೇಗೆ? ಶಿವಪ್ರಕಾಶ ಬಾಗಿಲು ಬಿಟ್ಟ. ತಂಗಮ್ಮ ಗೋಡೆಗೆ ಒರಗಿ ಕೂತು, ಫೋನೇ ಬೇಡವೆನ್ನುವಷ್ಟು ಗಟ್ಟಿಯಾಗಿ ಮಾತು ಶುರುಮಾಡಿದರು. ತಿತಿಮತಿಗೆ ಹಾಗೇ ಕೇಳಿಸುತ್ತಿತ್ತು.

ಆ ದನಿ ಮೊದಲು ಕೇಳಿಸಿದ್ದು ತುಳಸಿಗೆ. ಅವಳು ಎರಡೂ ಕೈಯಲ್ಲಿ ಬಕೆಟ್ ಹಿಡಿದು ಬಂದಳು. ಬಕೆಟ್ಟಿನಲ್ಲಿ ಅವಳ ಅಕ್ವೇರಿಯಮ್ಮಿನ ಬಣ್ಣದ ಮೀನುಗಳು.

"ಅಣ್ಣಾ, ಪಂಪ್ ನಿಂತು ಪಾಪ ಬಾಯಿ ಬಾಯಿ ಬಿಡ್ತಿದಾವೆ. ಒಂದು ಚೂರು ಗಾಳಿ ಕೊಡಿ."

ಶಿವಪ್ರಕಾಶನೂ ಈಗ ಹೆಚ್ಚುಕಡಿಮೆ ಹಾಗೇ ಬಾಯಿ ಬಿಡುತ್ತಿದ್ದ. ಪಂಪು ಬುಳುಬುಳು ಎಂದಿತು. ತಂಗಮ್ಮ ಮಗಳಿಗೆ ಸ್ವಲ್ಪ ಇರು ಎಂದು ಹೇಳಿ ಬಕೆಟ್ಟಿಗೆ ಬಗ್ಗಿ ನೋಡಿ, "ಇದು ಸಾರಿಗೆ ಆಗೋದಿಲ್ಲ ಅಲ್ವಾ?" ಎಂದು ವಿಚಾರಿಸಿದರು. ತುಳಸಿ ಬಕೆಟ್ಟನ್ನು ಆ ಕಡೆಗೆ ಎಳೆದುಕೊಂಡಳು.

ಅಷ್ಟರಲ್ಲಿ ಧರ್ಮೇಂದ್ರ ಒಬ್ಬ ಮನುಷ್ಯನನ್ನು ಕೈಹಿಡಿದು ಕರೆತಂದ. ಆತ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಕುತ್ತಿಗೆಗೆ ಸಲೂನಿನ ಬಿಳಿ ಬಟ್ಟೆ. ತಲೆಯ ಬಲಭಾಗ ಮಿಲಿಟರಿಯವರಂತೆ ನುಣ್ಣಗೆ, ಎಡಭಾಗ ಜಟೆ ಬಿಟ್ಟ ಸನ್ಯಾಸಿಯಂತೆ ಗುಂಗುರು.

"ಸಾರ್, ಟ್ರಿಮ್ಮರ್ ಅರ್ಧದಾರಿಯಲ್ಲಿ ಕೈಕೊಡ್ತು. ಇವರಿಗೆ ಇವತ್ತು ನೆಂಟರ ಮನೆ ಊಟ. ಹೀಗೆ ಕಳಿಸೋದು ಹೇಗೆ ನೀವೇ ಹೇಳಿ."

"ಕತ್ತರಿ ಇಲ್ವೇನಯ್ಯಾ?"

"ಕತ್ತರಿಯಲ್ಲಿ ಎರಡೂ ಕಡೆ ಒಂದೇ ಥರ ಬರಲ್ಲ ಸಾರ್," ಎಂದ ಧರ್ಮೇಂದ್ರ, ತನ್ನ ಕಲೆಯನ್ನು ಯಾರೋ ಅವಮಾನಿಸಿದಂತೆ. ರೈಟರ್ ಕೂದಲಿದ್ದ ಕಡೆಯ ಕಣ್ಣಿನಿಂದ ದೀನವಾಗಿ ನೋಡಿದ. ಶಿವಪ್ರಕಾಶ ಕುರ್ಚಿ ಹಾಕಿಕೊಟ್ಟ.

ಊಟದ ಹೊತ್ತಿಗೆ ಅವನ ಮನೆ ಸಂತೆಯಾಗಿತ್ತು. ಒಂದು ಪ್ಲಗ್ಗಿಗೆ ಇನ್ನೊಂದು ಸಿಕ್ಕಿಸಿ, ಅದಕ್ಕೆ ಮತ್ತೊಂದು ಸಿಕ್ಕಿಸಿ, ಗೋಡೆಯಿಂದ ದ್ರಾಕ್ಷಿಗೊಂಚಲಿನಂತೆ ಫೋನುಗಳು ನೇತಾಡುತ್ತಿದ್ದವು. ಕಾಫಿಯಾದರೂ ಕುಡಿಯೋಣವೆಂದು ಅವನು ಗ್ಯಾಸಿನ ಮೇಲೆ ಹಾಲಿಟ್ಟು ತಿರುಗಿದರೆ, ತಂಗಮ್ಮ ತಮ್ಮ ಮನೆಯಿಂದ ಗ್ರೈಂಡರ್ ಹೊರಿಸಿಕೊಂಡು ಬರುತ್ತಿದ್ದರು. ಹೊತ್ತವನು ಧರ್ಮೇಂದ್ರ.

"ನೆನೆಸಿದ ಅಕ್ಕಿ ಹುಳಿ ಬಂದು ಹೋಗ್ತದೆ ಪ್ರಕಾಶ್. ಎರಡು ಸುತ್ತು, ಅಷ್ಟೇ."

"ಬೇಡಿ ತಂಗಮ್ಮಕ್ಕಾ! ಗ್ರೈಂಡರ್ ಮಾತ್ರ..."

ಮಾತು ಮುಗಿಯುವ ಮೊದಲೇ ಗ್ರೈಂಡರ್ ಗುಡುಗಿತು. ಬಲ್ಬು ಮಂಕಾಯಿತು. ಟ್ರಿಮ್ಮರ್ ರೈಟರನ ತಲೆಯ ಮೇಲೆ ತೂಕಡಿಸಿತು. ಇನ್‌ವರ್ಟರು ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕೀಕೀ ಎಂದು ಕಿರುಚಿ ಕೆಂಪು ದೀಪ ತೋರಿಸಿತು.

ಆ ಕೆಂಪು ದೀಪದಲ್ಲಿ ಶಿವಪ್ರಕಾಶನಿಗೆ ಭವ್ಯಶ್ರೀಯ ಮುಖ ಕಾಣಿಸಿತು. ಹತ್ತು ವರ್ಷದ ನಂತರ ಮೊದಲ ಸಲ ಅವಳಿಗಾಗಿ ಒಂದು ಬಾಗಿಲು ತೆರೆಯುತ್ತಿತ್ತು. ಅದನ್ನು ತಂಗಮ್ಮನ ಹಿಟ್ಟಿನಲ್ಲಿ ರುಬ್ಬಿಬಿಡುವುದೇ? ಬೇಡ ಎಂದು ಮುಖದ ಮೇಲೆ ಹೇಳುವ ಧೈರ್ಯ ಅವನ ವಂಶದಲ್ಲೇ ಇರಲಿಲ್ಲ. ಅವನು ಇನ್‌ವರ್ಟರಿನ ಬೆನ್ನ ಹಿಂದೆ ಕೈಹಾಕಿ ಮೆಲ್ಲಗೆ ಸ್ವಿಚ್ ಆಫ್ ಮಾಡಿದ. ಎಲ್ಲವೂ ಒಮ್ಮೆಗೇ ತಣ್ಣಗಾಯಿತು.

"ಅಯ್ಯಯ್ಯೋ! ಸುಟ್ಟುಹೋಯ್ತು! ಇನ್‌ವರ್ಟರ್ ಸುಟ್ಟುಹೋಯ್ತು!" ಎಂದು ತಲೆಯ ಮೇಲೆ ಕೈಹೊತ್ತು ಕೂತ.

ತಂಗಮ್ಮ ಮೂಗು ಅರಳಿಸಿದರು. "ಹೌದು, ಸುಟ್ಟ ವಾಸನೆ ಬರ್ತಾ ಉಂಟು."

ಬರುತ್ತಿತ್ತು. ಒಳಗೆ ಹಾಲು ಉಕ್ಕಿ, ಇಂಗಿ, ಪಾತ್ರೆಯ ತಳ ಹಿಡಿಯುತ್ತಿತ್ತು. ಶಿವಪ್ರಕಾಶ ಜೀವನದಲ್ಲಿ ಮೊದಲ ಸಲ ಸೀದ ಹಾಲಿಗೆ ಮನಸ್ಸಿನಲ್ಲೇ ಕೈಮುಗಿದ.

"ನಾಲ್ಕು ಗಂಟೆಗೆ ಅವಳ ಇಂಟರ್‌ವ್ಯೂ. ಈಗ ಬಂದು ಕೇಳಿದ್ರೆ ನಾನು ಏನ್ ಹೇಳ್ಲಿ?" ಎಂದು ದನಿಯಲ್ಲಿ ಸ್ವಲ್ಪ ಅಳುವನ್ನೂ ಬೆರೆಸಿದ. ಮೀನಿನ ಬಕೆಟ್ಟು, ಗ್ರೈಂಡರು, ಮುಕ್ಕಾಲು ಕಟಿಂಗ್ ಆದ ತಲೆ, ಎಲ್ಲವೂ ಸಾವಿನ ಮನೆಯಿಂದ ಹೊರಟಂತೆ ತಲೆತಗ್ಗಿಸಿ ಹೊರಟವು.

ಶಿವಪ್ರಕಾಶ ಬಾಗಿಲು ಹಾಕಿಕೊಂಡು ಕತ್ತಲಲ್ಲೇ ನಕ್ಕ. ಬ್ಯಾಟರಿಯಲ್ಲಿ ಇನ್ನೂ ಒಂದಿಷ್ಟು ಜೀವವಿದೆ. ನಾಲ್ಕಕ್ಕೆ ಸರಿಯಾಗಿ ಸ್ವಿಚ್ ಒತ್ತಿದರಾಯಿತು. ಪಾತ್ರೆ ಉಜ್ಜಲು ಹಾಕಿ, ಹೊದ್ದು ಮಲಗಿದ.

ಎಬ್ಬಿಸಿದ್ದು ಬಾಗಿಲು ಬಡಿತ. ತೆರೆದರೆ ಎಲ್ಲರೂ ವಾಪಸು ಬಂದಿದ್ದರು. ಜೊತೆಗೆ ಮನೆಗಳ ಮಾಲೀಕ, ಶಾಮಿಯಾನ ಮತ್ತು ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಮಾಯಿಲಪ್ಪ. ಅವನ ಪಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡಿದ ಎಲೆಕ್ಟ್ರಿಷಿಯನ್ ನಂದೀಶ್.

"ನಾವೇ ಸುಟ್ಟದ್ದು, ನಾವೇ ಸರಿ ಮಾಡಿಸಿ ಕೊಡ್ತೇವೆ," ಎಂದರು ತಂಗಮ್ಮ. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ಬೇಡ ಬೇಡ! ಮುಟ್ಬೇಡಿ, ಶಾಕ್ ಹೊಡೆಯುತ್ತೆ!"

"ನನಗೆ ಶಾಕ್ ಎಲ್ಲ ಕಾಫಿ ಕುಡಿದ ಹಾಗೆ ಸಾರ್," ಎಂದು ನಂದೀಶ್ ನುಗ್ಗಿಯೇಬಿಟ್ಟ. ಬ್ಯಾಟರಿಯ ವೈರು ಕಳಚಿ, ಇನ್‌ವರ್ಟರನ್ನು ಹಸುಗೂಸಿನಂತೆ ಎತ್ತಿಕೊಂಡ. "ಇಲ್ಲಿ ಕತ್ತಲಲ್ಲಿ ಬಿಚ್ಚೋಕಾಗಲ್ಲ. ವಿರಾಜಪೇಟೆ ಅಂಗಡಿಯಲ್ಲಿ ನೋಡ್ಕೊಂಡು ಬರ್ತೀನಿ."

"ನಂದೀಶಾ, ನಿಲ್ಲು! ಅದು... ಅದು ಚೂರು ಆರಿದ್ರೆ ತಾನಾಗೇ ಸರಿಹೋಗುತ್ತೆ!"

"ಜ್ವರ ಅಲ್ಲ ಸಾರ್ ಅದು," ಎಂದ ನಂದೀಶ್. ಹೊರಗೆ ನಿಲ್ಲಿಸಿದ್ದ ಅವನ ಜೀಪು ನೀರು ಹಾರಿಸುತ್ತ ಹೊರಟೇಹೋಯಿತು. ಅದರ ಎದುರಿಗೇ ಬಂದ ಬಸ್ಸಿನಿಂದ ಭವ್ಯಶ್ರೀ ಇಳಿದಳು.

ಗೋಡೆಯಲ್ಲಿ ಎರಡು ವೈರು ಮಾತ್ರ ನೇತಾಡುವುದನ್ನು ನೋಡಿ ಅವಳು ಗಂಡನ ಕಡೆ ತಿರುಗಿದಳು. ಆದರೆ ಉತ್ತರ ಹೇಳಲು ಯಾರೂ ಅವನಿಗೆ ಅವಕಾಶವನ್ನೇ ಕೊಡಲಿಲ್ಲ.

"ತಪ್ಪೆಲ್ಲ ನಮ್ದು ಭವ್ಯಾ. ನಿನ್ನ ಗಂಡ ಬೇಡ ಬೇಡ ಅಂತ ಬಡ್ಕೊಂಡ್ರು," ಎಂದರು ತಂಗಮ್ಮ.

"ಅತ್ತೇಬಿಟ್ರು ಅಕ್ಕಾ," ಎಂದಳು ತುಳಸಿ.

ಮಾಯಿಲಪ್ಪ ಎದೆ ತಟ್ಟಿಕೊಂಡ. "ಹೆದರ್ಬೇಡಿ ಟೀಚರೇ. ನನ್ನ ಜನರೇಟರ್ ಉಂಟಲ್ಲ! ಆನೆ ನೀರು ಕುಡ್ದಂಗೆ ಡೀಸೆಲ್ ಕುಡೀತದೆ ಅಂತ ಹೊರಗೆ ತೆಗ್ದಿರ್ಲಿಲ್ಲ. ಒಂದು ಗಂಟೆಗೆ ಆಗುವಷ್ಟು ಉಂಟು."

ನಾಲ್ಕು ಜನ ಹೆಗಲು ಕೊಟ್ಟು ಜನರೇಟರನ್ನು ಮಳೆಯಲ್ಲಿ ಎಳೆತಂದರು. ರೈಟರ್ ಕೂಡ, ನೆಂಟರ ಮನೆಯ ಊಟ ಬಿಟ್ಟು, ತಲೆಗೆ ಟವೆಲ್ ಸುತ್ತಿಕೊಂಡು ಕೈಹಾಕಿದ. ಅದು ಭೂಕಂಪದಂತೆ ಶುರುವಾಯಿತು. ಕಪಾಟಿನ ಲೋಟಗಳು ಕುಣಿದವು. ಲ್ಯಾಪ್‌ಟಾಪಿನಲ್ಲಿ ಮೈಸೂರಿನ ಸಾಹೇಬರು ಮೂಡಿದರು.

"ಏನ್ರೀ ಮೇಡಂ ಅದು ಸದ್ದು? ಲಾರಿಯಲ್ಲಿ ಕೂತಿದ್ದೀರಾ?"

"ಜನರೇಟರ್ ಸಾರ್!" ಭವ್ಯಶ್ರೀ ಕೂಗಿದಳು. "ಇಲ್ಲಿ ಕರೆಂಟ್ ಇಲ್ಲ. ಇನ್‌ವರ್ಟರ್ ಇತ್ತು, ಇವತ್ತೇ ಸುಟ್ಟುಹೋಯ್ತು. ಅಕ್ಕಪಕ್ಕದವರು ಸೇರಿ ಇದನ್ನ ಹೊತ್ಕೊಂಡು ಬಂದ್ರು."

ಅವರು ಕೊಟ್ಟ ಲೆಕ್ಕವನ್ನು ಅವಳು ಆ ಗದ್ದಲದಲ್ಲೇ ಕೂಗಿ ಕೂಗಿ ಬಿಡಿಸಿದಳು. ಮಧ್ಯೆ ತಂಗಮ್ಮ ಪರದೆಯೊಳಗೆ ಮುಖ ತೂರಿಸಿ, "ಒಳ್ಳೇ ಹುಡುಗಿ ಸಾರ್, ಕೆಲಸ ಕೊಡಿ," ಎಂದು ಶಿಫಾರಸು ಮಾಡಿದರು. ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಈ ಸದ್ದಿನಲ್ಲಿ ಪಾಠ ಹೇಳಬಲ್ಲವಳು ಎಲ್ಲಿ ಬೇಕಾದರೂ ಹೇಳುತ್ತಾಳೆ, ಮುಂದಿನ ತಿಂಗಳಿಂದ ಶುರುಮಾಡಿ ಎಂದರು. ಜನರೇಟರ್ ಕೊನೆಯ ಗುಟುಕು ಡೀಸೆಲ್ ನುಂಗಿ ಬಿಕ್ಕಳಿಸಿ ನಿಂತಿತು. ಆ ನಿಶ್ಶಬ್ದದಲ್ಲಿ ಎಲ್ಲರ ಚಪ್ಪಾಳೆ ಮನೆ ತುಂಬಿತು.

ಶಿವಪ್ರಕಾಶ ಚಪ್ಪಾಳೆ ತಟ್ಟುತ್ತಿದ್ದ ಕೈ ನಿಲ್ಲಿಸಿದ. ಇಂಥವರಿಗೆ ಸುಳ್ಳು ಹೇಳಿದೆನಲ್ಲ! ಹೇಗೂ ಕೆಲಸ ಸಿಕ್ಕಿದೆ, ಈಗಲೇ ಹೇಳಿ ಹಗುರಾಗಿಬಿಡಬೇಕು. ಅವನು ಎದ್ದು ನಿಂತ.

"ಎಲ್ರಿಗೂ ಒಂದು ಮಾತು ಹೇಳ್ಬೇಕು. ಆ ಇನ್‌ವರ್ಟರ್..."

"ಬಂತು ಸಾರ್!" ಬಾಗಿಲಲ್ಲಿ ನಂದೀಶ್. ಕಂಕುಳಲ್ಲಿ ಇನ್‌ವರ್ಟರ್. ಇನ್ನೊಂದು ಅಂಗೈಯಲ್ಲಿ ಇದ್ದಿಲಿನಂತೆ ಕರಟಿದ ತಾಮ್ರದ ಕಾಯಿಲ್. "ನೋಡಿ, ಇದೇ ಸುಟ್ಟಿದ್ದು. ಅಂಗಡಿಯವನು ಆಗಲ್ಲ ಅಂತ ಕೈಚೆಲ್ಲಿದ. ನಾನೇ ಕೂತು ಹೊಸದು ಹಾಕಿದೆ."

ಶಿವಪ್ರಕಾಶ ಕಾಯಿಲನ್ನು ನೋಡಿದ. ನಂದೀಶನನ್ನು ನೋಡಿದ. ಒಂದು ಕ್ಷಣ ತನ್ನ ಮೇಲೆಯೇ ಅನುಮಾನ ಬಂತು: ನಿಜವಾಗಿಯೂ ಸುಟ್ಟಿತ್ತೇ? ಸ್ವಿಚ್ ಆಫ್ ಮಾಡಿದರೆ ಕಾಯಿಲ್ ಸುಡುವುದುಂಟೇ? ಮರುಕ್ಷಣ ಅರ್ಥವಾಯಿತು. ನಂದೀಶ್ ಅಲ್ಲಿ ಸ್ವಿಚ್ ಒತ್ತಿದ್ದಾನೆ, ಅದು ಸರಿಯಾಗಿಯೇ ಓಡಿದೆ. ರಿಪೇರಿಯ ದುಡ್ಡಿಗಾಗಿ ಯಾರದೋ ಹಳೆಯ ಕಾಯಿಲ್ ಒಂದನ್ನು ಜೇಬಿಗೆ ಹಾಕಿಕೊಂಡು ಬಂದಿದ್ದಾನೆ. ಇವನು ಕಳ್ಳ ಎನ್ನಬೇಕಾದರೆ ಮೊದಲು ತಾನು ಕಳ್ಳ ಎನ್ನಬೇಕು.

"ಏನೋ ಹೇಳ್ತಿದ್ರಲ್ಲ ರೀ?" ಎಂದಳು ಭವ್ಯಶ್ರೀ.

"ಏನಿಲ್ಲ... ನಂದೀಶ್ ಬಹಳ ಬುದ್ಧಿವಂತ ಅಂತ."

ಹೊಗಳಿಕೆಗೆ ನಂದೀಶ್ ಅರಳಿದ. "ಅಲ್ಲ ನಂದೀಶಾ, ಗ್ರೈಂಡರ್ ಹಾಕಿದ್ದಕ್ಕೆ ಸುಟ್ಟದ್ದಾ?" ಎಂದು ತಂಗಮ್ಮ ಕಳವಳದಿಂದ ಕೇಳಿದರು.

"ಛೆ ಛೆ! ಅದರಿಂದ ಅಲ್ಲವೇ ಅಲ್ಲ ಆಂಟಿ." ಸುಳ್ಳಿಗೆ ಒಂದು ಕಾರಣವೂ ಬೇಕಲ್ಲ, ನಂದೀಶ್ ಹಣೆ ಉಜ್ಜಿಕೊಂಡು ಒಂದನ್ನು ಹುಟ್ಟಿಸಿದ. "ಸಾರ್ ಇದನ್ನ ತಂದಾಗಿನಿಂದ ಉಪಯೋಗಿಸ್ದೆ ಇಟ್ಟಿದ್ರು ನೋಡಿ, ಅದಕ್ಕೇ ಸುಟ್ಟಿದ್ದು. ಇದಕ್ಕೆ ದಿನಾ ಒಳ್ಳೇ ಲೋಡ್ ಬೀಳ್ತಿರ್ಬೇಕು. ಗ್ರೈಂಡರು, ಮಿಕ್ಸಿ, ಪಂಪು, ಎಲ್ಲ ಒಟ್ಟಿಗೆ. ಇಲ್ಲಾಂದ್ರೆ ಇನ್ನೊಂದ್ಸಲ ಸುಡುತ್ತೆ, ಆಗ ನನ್ ಕೈಲೂ ಆಗಲ್ಲ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಯ್ಯೋ, ಮನೇಲಿ ಇರೋರೇ ಇಬ್ರು, ಎಲ್ಲಿಂದ ತರ್ತಾರೆ ಅಷ್ಟು ಲೋಡ್?" ಎಂದಳು ತುಳಸಿ.

"ನಾವು ಇಲ್ವಾ? ಬೆಳಗ್ಗೆ ನಾನು ಬರ್ತೇನೆ," ಎಂದರು ತಂಗಮ್ಮ.

"ಮಧ್ಯಾಹ್ನ ಗಿರಾಕಿಗಳನ್ನ ನಾನು ಇಲ್ಲೇ ಕರ್ಕೊಂಡ್ ಬರ್ತೀನಿ," ಎಂದ ಧರ್ಮೇಂದ್ರ.

"ಸಂಜೆ ನನ್ನ ಆಂಪ್ಲಿಫಯರ್," ಎಂದ ಮಾಯಿಲಪ್ಪ.

ಭವ್ಯಶ್ರೀಯ ಕಣ್ಣಲ್ಲಿ ನೀರು ತುಂಬಿತು. "ನೋಡಿ ರೀ, ಎಂಥ ಜನ! ಏನಾದ್ರೂ ಒಳ್ಳೇ ಮಾತು ಹೇಳಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಬೀದಿಯುದ್ದಕ್ಕೂ ಹೋ ಎಂಬ ಕೂಗೆದ್ದಿತು. ಕರೆಂಟ್ ಬಂದಿತ್ತು! ಸಾಲುಮನೆಗಳ ದೀಪಗಳೆಲ್ಲ ಒಟ್ಟಿಗೆ ಹೊತ್ತಿದವು. ಶಿವಪ್ರಕಾಶನಿಗೆ ಹೋದ ಜೀವ ಬಂತು. ಕುಣಿಯುವುದೊಂದು ಬಾಕಿ.

"ಬಂತಲ್ಲ ಕರೆಂಟು! ಇನ್ನು ನಿಮಗ್ಯಾಕೆ ತೊಂದ್ರೆ? ಎಲ್ರೂ ಆರಾಮಾಗಿ ನಿಮ್ಮನಿಮ್ಮ ಮನೇಲೇ ಇರಿ!"

ತಂಗಮ್ಮ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಳ್ಳುತ್ತ ಅವನ ಬೆನ್ನು ತಟ್ಟಿದರು. "ಅದೆಲ್ಲ ಸಂಕೋಚ ಬೇಡ ಪ್ರಕಾಶ್. ಕರೆಂಟ್ ಬಂತು ಅಂತ ಇನ್‌ವರ್ಟರ್ ಸುಡಲಿಕ್ಕೆ ಬಿಡೋದಾ? ನಾನು ಬೆಳಗ್ಗೆ ಆರಕ್ಕೆಲ್ಲ ಬಂದುಬಿಡ್ತೇನೆ. ನೀವು ಎದ್ದ ತಕ್ಷಣ ಮೇನ್ ಸ್ವಿಚ್ ಆಫ್ ಮಾಡಿ ಇಟ್ಟಿರಿ, ಮರೀಬೇಡಿ."